ಹನ್ನೊಂದನೆಯ ಮೂತಿ

ಮನೆಯ ಎಸ್ಪ್ರೆಸೊ ಕಾಫಿ ಮೆಷೀನಿನಲ್ಲಿ ಹಾಲಿಗೆ ನೊರೆಯೆಬ್ಬಿಸುವ ಹಬೆಕೊಳವೆಗೆ ಹೊಸ ಮೂತಿ ಮಾಡುವುದೇ ನಮ್ಮ ಯಜಮಾನರ ಭಾನುವಾರದ ಕಸುಬು. ಹಿತ್ತಾಳೆ ತುಂಡು ಕೊರೆಯುತ್ತಾರೆ, ಉಜ್ಜುತ್ತಾರೆ, ನನ್ನ ಹೊಲಿಗೆ ಸೂಜಿ ತೂರಿಸಿ ತೂತು ಅಳೆಯುತ್ತಾರೆ. ಒಂದು ಮೂತಿ ಗೋಡೆಗೆಲ್ಲ ಹಾಲು ಬಳಿಯಿತು; ಇನ್ನೊಂದು ರೈಲಿನಂತೆ ಕೂಗಿ ತೊಟ್ಟಿಲಲ್ಲಿದ್ದ ಮಗುವನ್ನು ಎಬ್ಬಿಸಿತು, ನಾನು ಲಾಲಿ ಹಾಡುವಷ್ಟರಲ್ಲಿ ನನ್ನ ಕಾಫಿ ಎಂದಿನಂತೆ ಆರಿತು. "ಅಂಗಡೀಲಿ ಸಿಗಲ್ವೇನ್ರೀ?" ಎಂದರೆ, "ಅಂಗಡಿಯವನಿಗೆ ನಮ್ಮನೆ ಕಷ್ಟ ಏನು ಗೊತ್ತು, ಬಿಡೇ!" ಎನ್ನುತ್ತಾರೆ. ನೊರೆಯ ಹುಚ್ಚು ಎಂದುಕೊಂಡಿದ್ದೆ. ಇಂದು ಹನ್ನೊಂದನೆಯ ಮೂತಿ ಸಿಕ್ಕಿಸಿ ಗುಂಡಿ ತಿರುಗಿಸಿದರು. ಹಬೆ ಉಸಿರಿನಷ್ಟೇ ಸದ್ದು ಮಾಡಿತು. ಅವರು ಹಾಲಿನತ್ತ ನೋಡಲೇ ಇಲ್ಲ, ಕತ್ತು ಚಾಚಿ ತೊಟ್ಟಿಲು ನೋಡಿದರು. ಮಗು ಏಳಲಿಲ್ಲ. "ಬಿಸಿ ಇದ್ದಾಗ್ಲೇ ಕುಡಿಯೇ" ಎಂದು ಪಿಸುಗುಟ್ಟಿದರು. ಹೆರಿಗೆಯಾದ ಮೇಲೆ ನಾನು ಬಿಸಿ ಕಾಫಿ ಕುಡಿದದ್ದು ಇದೇ ಮೊದಲು. ನೊರೆ ಮಾತ್ರ ಒಂದು ಚೂರೂ ಇರಲಿಲ್ಲ.