ಈಗ ಬರ್ತದ, ಕೂಡ್ರಿ

ನಮ್ಮ ಪಡಸಾಲೆಯ ಮಂಚಕ್ಕೆ ನಾಲ್ಕು ಕಾಲುಗಳಿದ್ದರೂ ನೆಲದೊಡನೆ ಸಂಬಂಧವಿಟ್ಟುಕೊಂಡವು ಮೂರೇ. ನಾಲ್ಕನೆಯದು ಒಂದು ಬೆರಳಿನಷ್ಟು ಗಿಡ್ಡ. ಆ ಕೊರತೆಯನ್ನು ನೀಗಿಸಲು ನಾನು ನಿವೃತ್ತನಾದಂದಿನಿಂದ ಅದರ ಅಡಿಯಲ್ಲಿ ಒಂದು ಮೆಮೊ ಪುಸ್ತಕವಿದೆ. ಅರ್ಧ ಬರೆದದ್ದು, ಅರ್ಧ ಖಾಲಿ, ನಡುವೆ ಮಾಸಿದ ಒಂದು ಕಾರ್ಬನ್ ಹಾಳೆ. ಬೀಳ್ಕೊಡುಗೆಯ ದಿನ ಹೊದಿಸಿದ ಶಾಲು ಟಿವಿಯ ಮೇಲೆ ಹೋಯಿತು, ಹಾರವನ್ನು ಪಕ್ಕದ ಮನೆಯ ಎಮ್ಮೆ ತಿಂದಿತು, ಮೆಮೊ ಪುಸ್ತಕ ಮಂಚದ ಕೆಳಗೆ ಸೇರಿತು. ಇವರ ಇಡೀ ಸೇವೆಯಲ್ಲಿ ಮನೆಗೆ ನಿಜವಾಗಿ ಆಧಾರವಾದದ್ದು ಅದೊಂದೇ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ.

ನಾನು ಬಸ್ ನಿಲ್ದಾಣಗಳಲ್ಲಿ ಕಂಟ್ರೋಲರ್ ಆಗಿದ್ದೆ. ಎಂದರೆ, ಒಂದು ಸಣ್ಣ ಕೋಣೆ, ಕೋಣೆಗೊಂದು ಕಿಟಕಿ, ಕಿಟಕಿಗೊಂದು ಅರ್ಧಚಂದ್ರಾಕಾರದ ರಂಧ್ರ. ರಂಧ್ರದ ಈಚೆ ನಾನು, ಆಚೆ ಜಗತ್ತು. ಜಗತ್ತು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ನಾನು ಕೊಡುತ್ತಿದ್ದದ್ದು ಒಂದೇ ಉತ್ತರ: “ಈಗ ಬರ್ತದ, ಕೂಡ್ರಿ.” ಬಸ್ಸು ಎಲ್ಲಿದೆಯೆಂದು ಎಷ್ಟೋ ಸಲ ನನಗೂ ತಿಳಿದಿರುತ್ತಿರಲಿಲ್ಲ. ಆದರೆ ಗೊತ್ತಿಲ್ಲವೆಂದರೆ ಮತ್ತೆ ನಿನ್ನನ್ನು ಇಲ್ಲಿ ಯಾಕೆ ಕೂಡಿಸಿದ್ದಾರೆ ಎಂದು ಕೇಳಿಯಾರೆಂಬ ಅಂಜಿಕೆ. ಹೀಗಾಗಿ ನನ್ನ ಮಾತಿನಲ್ಲಿ ಸುಳ್ಳು ಹೇಳುವ ಉದ್ದೇಶವಿರುತ್ತಿರಲಿಲ್ಲ, ಬಸ್ಸೂ ಇರುತ್ತಿರಲಿಲ್ಲ.

ಈಗ ನಮ್ಮ ಮಾಮಾನ ವಿಷಯಕ್ಕೆ ಬರುತ್ತೇನೆ. ಶರಣಪ್ಪ ಮಾಮಾ ನನ್ನ ಅಕ್ಕ ಮಹಾದೇವಿಯ ಗಂಡ, ಜೇವರ್ಗಿಯಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಮನೆ. ಜೇವರ್ಗಿ, ಅಫಜಲಪುರಗಳ ನಡುವೆ ಅವರು ಎಷ್ಟು ವರ್ಷ ಬಸ್ಸು ಓಡಿಸಿದರೆಂದರೆ, ಆ ರಸ್ತೆಯ ತಗ್ಗುಗಳೇ ಅವರನ್ನು ಗುರುತು ಹಿಡಿದು ಜಾಗ ಬಿಡುತ್ತಿದ್ದವು. ನಿವೃತ್ತರಾದ ಮರುವರ್ಷ ಅವರಿಗೆ ಲಕ್ವಾ ಹೊಡೆಯಿತು. ಕಾಲು ಬೇಗ ಸುಧಾರಿಸಿತು, ಮಾತು ಮರಳಿತು, ಬಲಗೈ ಮಾತ್ರ ರಜೆಯ ಮೇಲೆ ಹೋದದ್ದು ಬರಲಿಲ್ಲ. ವ್ಯಾಯಾಮ ಹೇಳಿಕೊಡುವ ವೈದ್ಯರು ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಚುಕಬೇಕೆಂದರು. ಮೊದಲ ಕೆಲವು ತಿಂಗಳು ಬೆರಳುಗಳನ್ನು ದುಡಿಸಿಕೊಳ್ಳದಿದ್ದರೆ ಮುಂದೆ ಅವು ಮಾತು ಕೇಳುವುದಿಲ್ಲವೆಂದೂ ಎಚ್ಚರಿಸಿದರು. ಮಾಮಾ ಚೆಂಡನ್ನು ನೋಡಿ, “ನಾ ಏನ್ ಸಣ್ಣ ಕೂಸೇನು, ಚೆಂಡಾಟ ಆಡಾಕ?” ಎಂದು ಅದನ್ನು ಅಕ್ಕನ ಹಿಟ್ಟಿನ ಡಬ್ಬಿಯ ಹಿಂದೆ ಎಸೆದರು.

ಉಪಾಯ ಹೊಳೆದದ್ದು ಅವರ ಮಗಳು ಸುಜಾತಾಳಿಗೆ. ಆಕೆಯ ಸಂಸಾರ ಕಿಣ್ಣಿ ಸುಲ್ತಾನದಲ್ಲಿ, ಕೆಲಸ ಆಳಂದದ ಶಾಲೆಯೊಂದರಲ್ಲಿ, ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಒಂದು ಭಾನುವಾರ ಹಳೆಯ ಕಂಪ್ಯೂಟರನ್ನೂ ಮೇಜಿಗೆ ಬಿಗಿಯುವ ಒಂದು ಸ್ಟೀರಿಂಗನ್ನೂ ಚೀಲದಲ್ಲಿ ತುಂಬಿಕೊಂಡು ಬಂದು, ಬಸ್ಸು ಓಡಿಸುವ ಒಂದು ವಿಡಿಯೋ ಗೇಮ್ ಹಾಕಿಕೊಟ್ಟಳು. ಚೆಂಡು ಹಿಚುಕಲು ಅವಮಾನವೆನ್ನಿಸಿದ ಕೈಗೆ ಸ್ಟೀರಿಂಗ್ ಹಿಡಿಯಲು ಅವಮಾನವೆನ್ನಿಸಲಿಲ್ಲ. ಮೊದಲು ಎಡಗೈಯಿಂದ ಬಲಗೈಯನ್ನೆತ್ತಿ ಚಕ್ರದ ಮೇಲೆ ಇಟ್ಟುಕೊಳ್ಳುತ್ತಿದ್ದರು. ಮೂರನೆಯ ವಾರಕ್ಕೆ ಅದು ತಾನಾಗಿ ಹತ್ತಿ ಕುಳಿತಿತು. ಅಕ್ಕ ಅಂದು ಅಡುಗೆಮನೆಯಲ್ಲಿ ನಿಂತು ಅತ್ತಳು.

ಆಟದ ದೇಶ ಯಾವುದೋ ನಮಗೆ ತಿಳಿಯದು. ಗುಡ್ಡ, ಹಸಿರು, ತಗ್ಗಿಲ್ಲದ ರಸ್ತೆ, ಸರತಿಯಲ್ಲಿ ನಿಂತು ಹತ್ತುವ ಪ್ರಯಾಣಿಕರು. ಯಾರೂ ಟವೆಲ್ ಎಸೆದು ಸೀಟು ಹಿಡಿಯುವುದಿಲ್ಲ, ಯಾರೂ ತಮ್ಮ ಹೊಲದ ಮುಂದೆ ನಿಲ್ಲಿಸೆಂದು ಕೂಗುವುದಿಲ್ಲ. ಮಾಮಾನಿಗೆ ಇದು ಅನುಮಾನ ತಂದಿತು. ಆಗಾಗ ಬಸ್ಸನ್ನು ಬದಿಗೆ ನಿಲ್ಲಿಸಿ ಒಳಗಿನ ಕನ್ನಡಿಯಲ್ಲಿ ನೋಡುತ್ತಿದ್ದರು. “ಯಾರೂ ಮಾತಾಡಂಗಿಲ್ಲಲ್ಲೋ ಚಂದ್ರಶಾ, ಎಲ್ಲಾರೂ ಆರಾಮ ಅದಾರಿಲ್ಲೋ?”

ಆಮೇಲೆ ಅಪ್‌ಡೇಟ್ ಬಂತು. ಯಾರೂ ಕೇಳಿರಲಿಲ್ಲ, ಕೇಳದೆ ಬರುವುದು ಅದರ ಸ್ವಭಾವ. ಆಟ ಇನ್ನಷ್ಟು ಸುಂದರವಾಗುತ್ತದೆಂದು ತೆರೆಯ ಮೇಲೆ ಬರೆದಿತ್ತು, ಆಯಿತೂ ಕೂಡ. ಮೋಡಗಳು ಹೆಚ್ಚಾದವು, ಎಲೆಗಳು ಅಲುಗಾಡಿದವು, ಮಾಮಾ ಓಡಿಸುತ್ತಿದ್ದ ನೀಲಿ ಬಸ್ಸಿನ ಮುಂಬಾಗಿಲು ಮುಚ್ಚುವುದು ನಿಂತಿತು. ಬಾಗಿಲು ಮುಚ್ಚದೆ ಬಸ್ಸು ಹೊರಡುವುದಿಲ್ಲವೆಂಬುದು ಆ ದೇಶದ ನಿಯಮ. ಈ ನಿಯಮವೇ ಮಾಮಾನಿಗೆ ಹೊಸದು. ಬಾಗಿಲನ್ನು ಹಗ್ಗದಿಂದ ಕಟ್ಟಿಕೊಂಡು ಅವರು ಎಷ್ಟೋ ಮಳೆಗಾಲ ಕಳೆದವರು. ಬಾಗಿಲೇ ಇಲ್ಲದ ಒಂದು ಬಸ್ಸನ್ನೂ ಅಫಜಲಪುರದವರೆಗೆ ಮುಟ್ಟಿಸಿದವರು. ಹದಿನೆಂಟು ಪ್ರಯಾಣಿಕರನ್ನು ಕೂಡಿಸಿಕೊಂಡು ನೀಲಿ ಬಸ್ಸು ಒಂದು ಚರ್ಚಿನ ಮುಂದಿನ ನಿಲ್ದಾಣದಲ್ಲಿ ಬಾಯಿ ತೆರೆದು ನಿಂತಿತು.

ದೋಷ ಆ ಒಂದು ಬಸ್ಸಿನದಷ್ಟೇ ಎಂದು ಸುಜಾತಾ ಕಂಡುಹಿಡಿದಳು. ಬೇರೆ ಬಸ್ಸು ತೆಗೆದರೆ ಆಟ ನಡೆಯುತ್ತದೆ, ಆದರೆ ಈ ಟ್ರಿಪ್ ರದ್ದಾಗುತ್ತದೆ. ಮಾಮಾ ಕೇಳಿದ್ದು ಒಂದೇ ಮಾತು: “ಒಳಗ ಹದಿನೆಂಟು ಮಂದಿ ಕುಂತಾರ. ಅವರು ಎಲ್ಲಿ ಹೋಗ್ಬೇಕು?” ಆಕೆ ಅವರು ಖರೇ ಮಂದಿಯಲ್ಲವೆಂದು ವಿವರಿಸಿದಳು. ಮಾಮಾ ಒಪ್ಪಿದರು. ಒಪ್ಪಿ, ಅಲ್ಲೇ ಕುಳಿತರು.

ಇದು ನಿಮಗೆ ವಿಚಿತ್ರವೆನ್ನಿಸಬಹುದು, ನನಗೆ ಎನ್ನಿಸಲಿಲ್ಲ. ನಮ್ಮ ಕಸುಬಿನಲ್ಲಿ ಗಾಡಿ ಕೆಟ್ಟು ನಿಂತರೆ ಡ್ರೈವರ್ ಅದನ್ನು ಬಿಟ್ಟು ಹೋಗುವಂತಿಲ್ಲ. ಪ್ರಯಾಣಿಕರು ಬೇರೆ ಗಾಡಿ ಹತ್ತಬೇಕು, ಆಮೇಲೆ ಕಂಟ್ರೋಲರ್ ಮೆಮೊ ಬರೆದುಕೊಡಬೇಕು; ಮೂಲ ಪ್ರತಿ ಡ್ರೈವರನಿಗೆ, ಕಾರ್ಬನ್ ಪ್ರತಿಯ ಮೇಲೆ ಡ್ರೈವರನ ಸಹಿ. ಅಲ್ಲಿಯವರೆಗೆ ಗಾಡಿಯೇ ಅವನ ಮನೆ. ಒಂದು ಅಮಾವಾಸ್ಯೆಯ ದಿನ ಘತ್ತರಗಿಗೆ ಭಕ್ತರನ್ನು ಕರೆದೊಯ್ಯುತ್ತಿದ್ದ ಮಾಮಾನ ಬಸ್ಸು ಹೊಳೆಗೆ ಇನ್ನೆರಡು ಹರದಾರಿ ಇರುವಾಗ ಕೆಟ್ಟು ನಿಂತಿತ್ತು. ಜನ ನಡೆದುಕೊಂಡೇ ಹೋಗಿ ಭಾಗ್ಯವಂತಿಯ ದರ್ಶನ ಮಾಡಿ ಮರಳಿದಾಗಲೂ ಇವರು ಬಸ್ಸಿನ ನೆರಳಲ್ಲೇ ಕುಳಿತಿದ್ದರಂತೆ. ಹೆಣ್ಣುಮಕ್ಕಳು ಕೊಟ್ಟ ಹೋಳಿಗೆಯನ್ನು ಇವರು ಗಾಡಿ ಬಿಟ್ಟೇಳದೆ ತಿಂದ ಕಥೆಯನ್ನು ಅಕ್ಕ ಹೆಮ್ಮೆಯಿಂದಲೂ ಸಿಟ್ಟಿನಿಂದಲೂ ಹೇಳುತ್ತಾಳೆ. ಹಾಗೆಯೇ ಈ ಆಟದಲ್ಲೂ ದಿನಾ ಬೆಳಿಗ್ಗೆ ಹತ್ತಕ್ಕೆ ಅವರು ತೆರೆಯ ಮುಂದೆ ಕುಳಿತು, ಎಡಗೈಯಿಂದ ಬಾಗಿಲಿನ ಗುಂಡಿಯನ್ನು ಒಮ್ಮೆ ಒತ್ತಿ, ಅದು ಮುಚ್ಚದ್ದನ್ನು ನೋಡಿ, ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯತೊಡಗಿದರು.

ಕೆಟ್ಟದ್ದನ್ನು ಸರಿಪಡಿಸಲು ಕಂಪನಿ ಪ್ಯಾಚ್ ಬಿಡುತ್ತದೆಂದು ಸುಜಾತಾ ಹೇಳಿದಳು. ಹರಿದ ಅಂಗಿಗೆ ತೇಪೆ ಹಚ್ಚಿದ ಹಾಗೆ. ಅದನ್ನು ತರಿಸುವ ಹೊಣೆಯನ್ನು ನಾನು ಹೊತ್ತೆ. ನಮ್ಮಲ್ಲಿ ಅಂಗಡಿಯಿಂದ ತಂದ ಪಂಪು ಕೆಟ್ಟರೆ ಕ್ರಮವೇನೆಂದು ನಿಮಗೆ ಗೊತ್ತು: ಹೋಗಿ ಅಂಗಡಿಯ ಸ್ಟೂಲಿನ ಮೇಲೆ ಕೂಡಬೇಕು, ಅವರು ತರಿಸಿದ ಚಹಾ ಕುಡಿಯಬೇಕು, ಯಜಮಾನ ಯಾರಿಗಾದರೂ ಫೋನು ಹಚ್ಚುವವರೆಗೆ ಏಳಬಾರದು. ಏಳದಿರುವುದೇ ದೂರು. ಆದರೆ ಈ ಆಟ ಕೊಂಡದ್ದು ಅಂತರಜಾಲದ ಅಂಗಡಿಯಲ್ಲಿ. ಅದಕ್ಕೆ ಸ್ಟೂಲಿಲ್ಲ, ಚಹಾ ಇಲ್ಲ, ಎದುರಿಗೆ ಮನುಷ್ಯನೂ ಇಲ್ಲ. ಏಳದೆ ಕೂಡೋಣವೆಂದರೆ ಕೂಡುವುದೆಲ್ಲಿ?

ಹೀಗಾಗಿ ಅರ್ಜಿ ಬರೆದೆ. ಮಾನ್ಯರೇ ಎಂದು ಆರಂಭಿಸಿ, ವಿಷಯ, ಉಲ್ಲೇಖಗಳನ್ನು ನಮೂದಿಸಿ, ಸದರಿ ಬಸ್ಸಿನ ಮುಂಬಾಗಿಲು ಮುಚ್ಚದಿರುವ ಕಾರಣ ಹದಿನೆಂಟು ಪ್ರಯಾಣಿಕರು ತೊಂದರೆಗೀಡಾಗಿರುವುದನ್ನು ತಮ್ಮ ಗಮನಕ್ಕೆ ತಂದು, ತಮ್ಮ ವಿಶ್ವಾಸಿ ಎಂದು ಮುಗಿಸಿದೆ. ಸುಜಾತಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ಕಳಿಸಿದಳು. ಆ ಕ್ಷಣದಲ್ಲೇ ಉತ್ತರ ಬಂತು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಈ ಉತ್ತರ ಹಿಡಿಸಿದ್ದರೆ ಐದು ನಕ್ಷತ್ರ ಕೊಡಿ. ನಾಲ್ಕು ಕೊಟ್ಟೆ, ಮೊದಲ ಭೇಟಿಯಲ್ಲೇ ಪೂರ್ತಿ ಕೊಡುವುದು ಸರಿಯಲ್ಲ. ಎರಡನೆಯ ಅರ್ಜಿಗೆ ಅಂಗಡಿ, ತಯಾರಕರನ್ನು ಕೇಳಿ ಎಂದಿತು. ತಯಾರಕರು, ಅಂಗಡಿಯನ್ನು ಕೇಳಿ ಎಂದರು. ಆಮೇಲೆ ಈ ವಾರ ಪ್ಯಾಚ್ ಬರುತ್ತದೆಂಬ ಪ್ರಕಟಣೆ ಬಂತು. ವಾರ ಹೋಯಿತು, ಪ್ರಕಟಣೆ ಹೋಗಲಿಲ್ಲ. ಮುಂದಿನ ಸೋಮವಾರವೂ ಅದು ಈ ವಾರ ಎಂದೇ ಹೇಳುತ್ತಿತ್ತು. ತಿಂಗಳಾದ ಮೇಲೆ ನಿಮ್ಮ ದೂರು ಪರಿಹಾರವಾಗಿದೆ, ಕಡತ ಮುಚ್ಚಲಾಗಿದೆ ಎಂದು ಬರೆದರು. ಬಾಗಿಲು ಮುಚ್ಚಲಾರದವರು ಕಡತವನ್ನು ಎಷ್ಟು ಸಲೀಸಾಗಿ ಮುಚ್ಚಿದರು ನೋಡಿ. ಕೊನೆಗೆ, ಬಸ್ಸು ಇಷ್ಟಪಟ್ಟವರಿಗೆ ಇದೂ ಹಿಡಿಸುತ್ತದೆಂದು ಒಂದು ರೈಲಿನ ಆಟದ ಜಾಹೀರಾತು ಕಳಿಸಿದರು.

ಎಂದೂ ಬರದ ಸಿಟ್ಟು ನನಗೆ ಬಂತು. ತಡವಾದದ್ದಕ್ಕಲ್ಲ; ತಡ ನನಗೆ ಹೊಸದಲ್ಲ, ಅದರ ನೆರಳಲ್ಲೇ ಅನ್ನ ತಿಂದವನು ನಾನು. ಆ ನಯವಾದ ದನಿ ನನ್ನನ್ನು ಚುಚ್ಚುತ್ತಿತ್ತು. ಎಲ್ಲೋ ಕೇಳಿದ ದನಿ ಅದು. ನಾಲ್ಕಾರು ದಿನ ತಡಕಾಡಿದ ಮೇಲೆ ನೆನಪಾಯಿತು: ಅರ್ಧಚಂದ್ರಾಕಾರದ ರಂಧ್ರದ ಈಚೆಯಿಂದ ಬರುತ್ತಿದ್ದ ನನ್ನದೇ ದನಿ.

ಅದರೊಂದಿಗೆ ಒಬ್ಬ ಹೆಣ್ಣುಮಗಳೂ ನೆನಪಾದಳು. ನಾನು ಸೇವೆಯಲ್ಲಿ ಸುತ್ತಿದ ಹಲವು ಊರುಗಳಲ್ಲಿ ಒಂದರಲ್ಲಿ, ಮಧ್ಯಾಹ್ನದ ಹೊತ್ತು, ಮಗಳು ಹೆರಿಗೆಗೆ ದವಾಖಾನೆ ಸೇರಿದ್ದಾಳೆಂದು ಸ್ಟೀಲ್ ಡಬ್ಬಿ ಹಿಡಿದು ಬಂದಿದ್ದಳು. ಬಸ್ಸು ಹೊರಟೇ ಇಲ್ಲವೆಂದು ನನಗೆ ಸುದ್ದಿ ಬಂದಿತ್ತು. ಆದರೂ ಬಾಯಿ ತನ್ನ ಅಭ್ಯಾಸದಂತೆ, ಈಗ ಬರ್ತದ, ಕೂಡ್ರಿ ಎಂದಿತು. ಆಕೆ ಕಲ್ಲುಬೆಂಚಿನ ಮೇಲೆ ಕುಳಿತಳು. ಅವಳ ಕಣ್ಣೆದುರೇ ಅದೇ ಊರಿಗೆ ಹೋಗುವ ಒಂದು ಜೀಪು ಜನರನ್ನು ತುಂಬಿಕೊಂಡು ಹೋಯಿತು. ಸಂಜೆ ನನ್ನ ಪಾಳಿ ಮುಗಿಯುವಾಗ ಕಿಟಕಿಗೆ ಬಂದು, “ಬರಂಗಿಲ್ಲ ಅಂದಿದ್ರ ಆ ಜೀಪಿಗೇ ಹೋಗ್ತಿದ್ನಲ್ರೀ ಸಾಹೇಬ್ರ,” ಎಂದಳು. ಬೈಯಲಿಲ್ಲ. ಆ ಮಗಳಿಗೆ ಏನಾಯಿತೆಂದು ನನಗೆ ಇಂದಿಗೂ ತಿಳಿಯದು. ಇಷ್ಟು ವರ್ಷ ಅದನ್ನು ನೆನೆಯದೆ ಉಂಡು ಮಲಗಿದೆನಲ್ಲ ಎಂದು ನಾಚಿಕೆಯಾಯಿತು.

ನಾಚಿಕೆಯಾಯಿತು, ಬುದ್ಧಿ ಬರಲಿಲ್ಲ. ಏಕೆಂದರೆ ಮಾಮಾ ದಿನಾ “ಏನಂದ್ರು?” ಎಂದು ಕೇಳುತ್ತಿದ್ದರು, ನಾನು ದಿನಾ “ಈ ವಾರ ಬರ್ತದಂತ ಮಾಮಾ,” ಎನ್ನುತ್ತಲೇ ಇದ್ದೆ. ಒಂದು ಬೆಳಿಗ್ಗೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. “ಹೋದ ತಿಂಗಳ ರೊಟ್ಟಿ ಮುರೀತಿದ್ದ ಬಲಗೈಲೇ. ಈಗ ಮತ್ತ ಎಡಗೈ ಹಚ್ಚ್ಯಾನ. ಬೆರಳು ಮಡಚಿಕೊಳ್ಳಾಕತ್ತಾವ,” ಎಂದಳು. ಆಮೇಲೆ ನನ್ನ ಮುಖ ನೋಡಿ, “ಲೇ ಚಂದ್ರಶಾ, ಖರೇ ಹೇಳು. ಅದು ಯಾವಾಗ ಬರ್ತದ, ನಿನಗ ಗೊತ್ತದ ಏನು?”

“ಗೊತ್ತಿಲ್ಲಕ್ಕಾ,” ಎಂದೆ.

“ಹಂಗಾದ್ರ ಅದನ್ನೇ ಅವನಿಗಿ ಹೇಳು. ನೀ ಬರ್ತದ ಬರ್ತದ ಅಂತೀ, ಅವ ಕಾಯಾಕತ್ಯಾನ.”

ಮನೆಗೆ ಬಂದು ಮಂಚದ ಕಾಲನ್ನೆತ್ತಿ ಮೆಮೊ ಪುಸ್ತಕವನ್ನು ಹೊರತೆಗೆದೆ. ಧೂಳು ಒರೆಸಿ, ಕಾರ್ಬನ್ ಹಾಳೆಯನ್ನು ಸರಿಪಡಿಸಿ, ಪೆನ್ನನ್ನು ಒತ್ತಿ ಹಿಡಿದು ಬರೆದೆ: ನೀಲಿ ಬಸ್ಸು ಚರ್ಚಿನ ನಿಲ್ದಾಣದಲ್ಲಿ ಕೆಟ್ಟು ನಿಂತಿದೆ. ದುರಸ್ತಿ ಯಾವಾಗ ಆಗುವುದೆಂದು ತಿಳಿಯದು. ಹದಿನೆಂಟು ಪ್ರಯಾಣಿಕರ ಹೊಣೆ ಇಂದಿನಿಂದ ಕಂಟ್ರೋಲರನದು. ಚಾಲಕರು ಬೇರೆ ವಾಹನ ತೆಗೆದುಕೊಂಡು ಹೊರಡತಕ್ಕದ್ದು. ತಿಳಿಯದು ಎಂಬ ಪದವನ್ನು ಆ ಪುಸ್ತಕದಲ್ಲಿ ಅದಕ್ಕೆ ಮೊದಲು ನಾನು ಬರೆದಿರಲಿಲ್ಲ. ಹಿಂದಿನ ಹಾಳೆಗಳನ್ನೆಲ್ಲ ತಿರುವಿ ನೋಡಿದೆ.

ಹತ್ತಕ್ಕೆ ಸರಿಯಾಗಿ ಹೋದೆ. ಮಾಮಾ ಎಂದಿನಂತೆ ಕೇಳಿದರು. “ಯಾವಾಗ ಬರ್ತದಂತ ಗೊತ್ತಿಲ್ಲ ಮಾಮಾ. ಬರ್ತದೋ ಇಲ್ಲೋ ಅದೂ ಗೊತ್ತಿಲ್ಲ. ಇಷ್ಟು ದಿನ ನಾ ಸುಳ್ಳೇ ಹೇಳೇನಿ,” ಎಂದು ಪುಸ್ತಕವನ್ನು ಮುಂದಿಟ್ಟೆ. ಕೋಪಿಸಿಕೊಳ್ಳುವರೆಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ಮೆಮೊವನ್ನು ಎರಡು ಸಲ ಓದಿದರು.

“ಮಂದಿನ್ನ ಎಣಿಸಿಕೊಂಡಿಯೇನು?”

“ಎಣಿಸೇನ್ರಿ. ಹದಿನೆಂಟು.”

“ಇದನ್ನ ಮೊದಲೇ ಕೊಡಬಾರದೇನಲೇ,” ಎಂದರು ಅಷ್ಟೇ.

ಸಹಿಗೆ ಪೆನ್ನು ಚಾಚಿದಾಗ ಎಡಗೈ ಮುಂದೆ ಬಂತು. ನಡುದಾರಿಯಲ್ಲಿ ನಿಂತಿತು. ಲಕ್ವಾ ಹೊಡೆದ ಮೇಲೆ ಎಲ್ಲ ಕಾಗದಗಳಿಗೂ ಅವರು ಎಡಗೈಯ ಹೆಬ್ಬೆಟ್ಟನ್ನೇ ಒತ್ತುತ್ತಿದ್ದರು. ಆದರೆ ಮೆಮೊ ಪುಸ್ತಕದಲ್ಲಿ ಡ್ರೈವರನ ಹೆಬ್ಬೆಟ್ಟು ನಡೆಯದೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವುಗಳ ನಡುವೆ ಪೆನ್ನು ತೂರಿಸಿ, ಬಾಗಿದರು. ಅಕ್ಕ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಎಷ್ಟು ಹೊತ್ತಾಯಿತೋ, ಯಾರೂ ಅವಸರ ಮಾಡಲಿಲ್ಲ. ಶರಣಪ್ಪ ಎಂಬ ನಾಲ್ಕು ಅಕ್ಷರಗಳು ಗೆರೆ ದಾಟಿ, ಅಂಚಿನವರೆಗೆ ಹೋಗಿ, ಅಲ್ಲಿ ಒಂದರ ಮೇಲೊಂದು ನಿಂತವು. ಪೆನ್ನು ಕೆಳಗಿಟ್ಟು, ಎಡಗೈಯಿಂದ ಮೌಸ್ ಹಿಡಿದು, ನೀಲಿ ಬಸ್ಸನ್ನು ಬಿಟ್ಟರು. ಕೆಂಪು ಬಸ್ಸಿನ ಬಾಗಿಲು ಮುಚ್ಚಿತು. ಬಲಗೈ ಚಕ್ರಕ್ಕೆ ಹೋಯಿತು.

ಪ್ಯಾಚ್ ಇನ್ನೂ ಬಂದಿಲ್ಲ. ಈ ವಾರ ಬರುತ್ತದೆಂದು ಇಂದೂ ಬರೆದಿದ್ದಾರೆ. ಮೆಮೊ ಪುಸ್ತಕ ನನ್ನ ಮೇಜಿನ ಮೇಲಿದೆ. ಆ ಹಾಳೆಯ ಕೆಳಗಿನ ಹಾಳೆಯನ್ನೂ ಅದರ ಕೆಳಗಿನದನ್ನೂ ಬೆರಳಿನಿಂದ ಸವರಿದರೆ ಸಹಿಯ ಗುರುತು ತಾಗುತ್ತದೆ. ಅಷ್ಟು ಒತ್ತಿ ಬರೆದಿದ್ದಾರೆ. ಇತ್ತ ಮಂಚ ಅಲುಗಾಡುತ್ತಿದೆ. ನಿನ್ನೆ ನನ್ನ ಹೆಂಡತಿ, “ಆ ಬುಕ್ ತಂದು ಕೆಳಗ ಯಾವಾಗ ಇಡ್ತೀರಿ?” ಎಂದು ಕೇಳಿದಳು. ಈಗ ಇಡ್ತೇನಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು.

“ಇಡಂಗಿಲ್ಲ,” ಎಂದೆ.

ಆಕೆ ನನ್ನನ್ನೊಮ್ಮೆ ನೋಡಿ, ಹಿತ್ತಲಿಗೆ ಹೋಗಿ, ಶಹಾಬಾದಿ ಕಲ್ಲಿನ ಒಂದು ಚೂರು ತಂದು ಮಂಚದ ಕಾಲಿಗೆ ಕೊಟ್ಟಳು.