ಪೂಜೆಗಿಟ್ಟ ಲಾಟೀನು

ಮಾಲೂರಿನ ಹೊರಗಿದ್ದ ಒಂದು ವಿಸ್ಕಿ ಕಾರ್ಖಾನೆಯಲ್ಲಿ, ಖಾಲಿ ಮಾಡಿದ್ದ ಮೂರನೆಯ ತೊಟ್ಟಿಯ ಪಕ್ಕದ ಮರದ ಅಟ್ಟಣೆಯ ಮೇಲೆ ನಾನು ನಿಂತಿದ್ದೆ. ಎಪ್ಪತ್ತರ ದಶಕದ ಕೊನೆಯ ಒಂದು ಆಯುಧಪೂಜೆಯ ದಿನ. ಬೆಳಗ್ಗೆ ಹನ್ನೊಂದು ದಾಟಿತ್ತು.

ದಸರಾ ರಜೆಗೆಂದು ಅಮ್ಮ, ತಂಗಿ ಮತ್ತು ಆಗಷ್ಟೇ ಮೇಷ್ಟ್ರಾಗಿದ್ದ ನಾನು ಮುಳಬಾಗಿಲಿನಿಂದ ಸೋದರಮಾವನ ಮನೆಗೆ ಬಂದಿದ್ದೆವು. ಮಾವ ಆ ಕಾರ್ಖಾನೆಯ ಮೇಲ್ವಿಚಾರಕರು. ಮೂಗಿಗೆ ಸೆರಗು ಹಿಡಿದೇ ಒಳಗೆ ಬಂದ ಅಮ್ಮ, ಪೂಜೆ ಅಂದ ಕೂಡಲೇ ಆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಾನೇ ಮುಂದೆ ನಿಂತಳು.

ಕಬ್ಬಿನ ಕಾಕಂಬಿ ಹುಳಿಸುವ ಆ ತೊಟ್ಟಿಗಳು ಎರಡಾಳು ಆಳ. ಖಾಲಿಯಾದ ಮೇಲೂ ತಳದಲ್ಲಿ ಉಸಿರು ಕಟ್ಟಿಸುವ ಗಾಳಿ ನಿಂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇಳಿಯುವ ಮುನ್ನ ಹೊತ್ತಿಸಿದ ಲಾಟೀನನ್ನು ಹಗ್ಗದಲ್ಲಿ ಬಿಟ್ಟು ನೋಡುತ್ತಾರೆ. ಅದು ಆರಿದರೆ ಯಾರೂ ಇಳಿಯುವಂತಿಲ್ಲ. ಮಾವ ಇದನ್ನು ನಮಗೆ ವಿವರಿಸಿ ಅರ್ಧ ಗಂಟೆಯೂ ಆಗಿರಲಿಲ್ಲ. ತೆಂಗಿನಕಾಯಿ ತರಿಸಲು ಅವರು ಗೇಟಿನ ಕಡೆ ಹೋಗಿದ್ದರು.

ಸ್ಪ್ಯಾನರು, ಬಕೆಟ್ಟು, ಲಾಟೀನು, ಎಲ್ಲಕ್ಕೂ ಅಮ್ಮ ಕುಂಕುಮ ಹಚ್ಚಿ ಸೇವಂತಿಗೆ ಇಟ್ಟಳು.

"ಎಲ್ಲಾ ಬಂತೇನ್ರಪ್ಪಾ?"

"ಉದ್ದನೆ ಬ್ರಷ್ಷೊಂದು ತೊಟ್ಟೀಲೇ ಐತೆ, ಅಮ್ಮಾವ್ರೇ," ಎಂದ ತೊಟ್ಟಿ ತೊಳೆಯುವಾತ. ಎನ್ನುತ್ತಲೇ ಲಾಟೀನಿಗೆ ಕೈ ಚಾಚಿದ.

"ಅಯ್ಯೋ, ಪೂಜೆಗಿಟ್ಟಾಯ್ತಲ್ಲಪ್ಪಾ. ನಾಳೆವರೆಗೂ ಮುಟ್ಟಬಾರದು," ಎಂದಳು ಅಮ್ಮ.

ಅವನು ಕೈ ಹಿಂದಕ್ಕೆ ತೆಗೆದ. ಅಲ್ಲೇ ಕೆಲಸಕ್ಕಿದ್ದ ಅವನ ತಮ್ಮ, "ಲಾಟೀನು ಬಿಡ್ದೆ ಇಳೀಬೇಡಣ್ಣಾ," ಎಂದ.

"ಇವತ್ತು ಲಾಟೀನಿಗೂ ರಜಾ ಕಣೋ! ಒಂದುಸಿರಿಗೆ ಹೋಗಿ ಬರ್ತೀನಿ."

ನಾನು ನಕ್ಕೆ. ಅದನ್ನೂ ಬರೆಯಬೇಕು.

ಅವನು ಏಣಿ ಇಳಿದು, ಬ್ರಷ್ಷಿಗೆಂದು ಬಗ್ಗಿದ. ಬಗ್ಗಿದವನು ಮಂಡಿಯೂರಿ, ನಿಧಾನವಾಗಿ ಪಕ್ಕಕ್ಕೆ ವಾಲಿದ. ಕೂಗಲಿಲ್ಲ. ಕಿರುಚಿದವಳು ನನ್ನ ತಂಗಿ. ಬಿದ್ದವನ ತಮ್ಮ ಏಣಿಗೆ ಕಾಲಿಡುವಷ್ಟರಲ್ಲಿ ಮಾವ ಓಡಿ ಬಂದು ಅವನ ಅಂಗಿ ಹಿಡಿದೆಳೆದರು. ಪೂಜೆಗಿಟ್ಟ ಲಾಟೀನನ್ನೇ ಹೊತ್ತಿಸಿ ಇಳಿಬಿಟ್ಟರು. ಸೇವಂತಿಗೆ ಇನ್ನೂ ಅದರ ಹಿಡಿಯಲ್ಲೇ ಇತ್ತು. ಅರ್ಧ ದಾರಿಯಲ್ಲಿ ದೀಪ ಆರಿತು.

ಕೊಕ್ಕೆ ಹಾಕಿ ಮೇಲೆತ್ತಿದಾಗ ಜೀವ ಇರಲಿಲ್ಲ.

ಲಾಟೀನು ಯಾಕೆ ಬಿಡಲಿಲ್ಲ ಎಂದು ಪೊಲೀಸರು ಕೇಳಿದರು. "ಮರೆತಿರಬೇಕು," ಎಂದರು ಮಾವ. ಲಾಟೀನು ಮುಟ್ಟಬಾರದೆಂದು ತಾನೇ ತಡೆದದ್ದನ್ನು ಅಮ್ಮ ಹೇಳಲಿಲ್ಲ. ನಾನೂ ಹೇಳಲಿಲ್ಲ. ಸತ್ತವನ ತಮ್ಮ ನಮ್ಮಿಬ್ಬರನ್ನೂ ನೋಡಿದ, ಅವನೂ ಹೇಳಲಿಲ್ಲ.

ಸತ್ತವನು ಮರೆತಿರಲಿಲ್ಲ.

ಅಮ್ಮ ಈಗಿಲ್ಲ, ಮಾವನೂ ಇಲ್ಲ. ಕಂಡವರಲ್ಲಿ ಬದುಕಿರುವವರು ನಾನು, ಶ್ರೀನಿವಾಸಪುರದಲ್ಲಿರುವ ನನ್ನ ತಂಗಿ, ನರಸಾಪುರದಲ್ಲಿರುವ ಅವನ ತಮ್ಮ.