ದೇವಕಿಯಮ್ಮ ಬಸ್ಸಿನಲ್ಲಿಯೇ ಬರುತ್ತಿದ್ದರು

ದೇವಕಿಯಮ್ಮನವರು ನಮ್ಮ ಮನೆಯ ಮಹಡಿಯ ಕೋಣೆಗೆ ಬಾಡಿಗೆಗೆ ಬಂದದ್ದು ೨೦೦೫ರ ಜನವರಿಯಲ್ಲಿ. ದೆಹಲಿಯ ಲಕ್ಷ್ಮೀ ನಗರದಲ್ಲಿ ಅಂಥ ಕೋಣೆಗಳಿಗೆ ಕೋಚಿಂಗ್ ವಿದ್ಯಾರ್ಥಿಗಳದೇ ನೂಕುನುಗ್ಗಲು. ಅರವತ್ತು ದಾಟಿದ ಹೆಂಗಸೊಬ್ಬರು ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಒಂದು ಟ್ರಂಕು, ಒಂದು ಗ್ಯಾಸ್ ಒಲೆ ಮತ್ತು ಹಳೆಯ ಸೀರೆಯಲ್ಲಿ ಸುತ್ತಿದ ದೊಡ್ಡದೊಂದು ಗಂಟಿನೊಂದಿಗೆ ಬಾಗಿಲಲ್ಲಿ ನಿಂತಾಗ ನಾನೂ ನನ್ನ ಹೆಂಡತಿ ಅಹಲ್ಯೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

“ನಿಮ್ಮ ಮಗ ಗುರ್‌ಗಾಂವ್‌ನಲ್ಲಿ ಇದ್ದಾನಲ್ಲವೇ?” ಎಂದು ಅಹಲ್ಯೆ ಕೇಳಿದಳು.

“ಇದ್ದಾನೆ” ಎಂದರು. ಆ ದಿನ ಅಷ್ಟೇ ಮಾತು.

ನಮಗೆ ಅವರ ಪರಿಚಯ ಹಳೆಯದು. ಚಿತ್ರದುರ್ಗದ ಕಡೆಯವರು. ಗಂಡ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು, ಕೆಲಸದಲ್ಲಿರುವಾಗಲೇ ತೀರಿಕೊಂಡರು. ಅನುಕಂಪದ ಆಧಾರದ ಮೇಲೆ ಸಿಕ್ಕ ಅದೇ ಕಚೇರಿಯ ಕೆಲಸಕ್ಕೆ ದೇವಕಿಯಮ್ಮ ಸೇರಿದರು. ಬರುವ ಪತ್ರ, ಹೋಗುವ ಪತ್ರಗಳನ್ನು ದಾಖಲಿಸುವ ವಿಭಾಗ. ಇಪ್ಪತ್ತೈದು ವರ್ಷಗಳಲ್ಲಿ ಒಂದು ಪತ್ರವೂ ತಪ್ಪು ಕೋಣೆಗೆ ಹೋಗಲಿಲ್ಲವೆಂದು ಅವರ ಮೇಲಧಿಕಾರಿಗಳು ಬೀಳ್ಕೊಡುಗೆಯ ದಿನ ಹೇಳಿದರು. ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮಗ ಜೀವನ್‌ನನ್ನು ಒಬ್ಬರೇ ಬೆಳೆಸಿದರು. ನಾನು ಮೇಷ್ಟ್ರಾಗಿದ್ದ ಇಲ್ಲಿನ ಕನ್ನಡ ಶಾಲೆಯಲ್ಲಿ ಅವನು ನನ್ನ ಬಳಿ ಕನ್ನಡ ಓದಿದ. ಮುಂದೆ ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್ ಆದ. ಸೊಸೆ ಹರಿಣಿ ಶಿವಮೊಗ್ಗದವಳು, ಮಿತಭಾಷಿ. ನಿವೃತ್ತರಾದ ಮೇಲೆ ದೇವಕಿಯಮ್ಮ ಅವರ ಜೊತೆ ಗುರ್‌ಗಾಂವ್‌ನಲ್ಲಿಯೇ ನೆಲೆಸಿದ್ದರು.

ನಡೆದದ್ದನ್ನು ಅವರು ನಮಗೆ ಒಮ್ಮೆಲೇ ಹೇಳಲಿಲ್ಲ. ಚಳಿಗಾಲದ ಬಿಸಿಲಿಗೆ ಕುರ್ಚಿ ಹಾಕಿ ಬಟಾಣಿ ಸುಲಿಯುವಾಗ ಒಂದಿಷ್ಟು, ಇನ್ನೊಂದು ದಿನ ಇನ್ನೊಂದಿಷ್ಟು. ನಾನು ಅದನ್ನು ಕ್ರಮವಾಗಿ ಜೋಡಿಸಿ ಬರೆಯುತ್ತಿದ್ದೇನೆ.

೨೦೦೪ರ ಮೇ ತಿಂಗಳಲ್ಲಿ ಜೀವನ್‌ಗೆ ಹೆಣ್ಣುಮಗು ಹುಟ್ಟಿತು. ತನ್ವಿ ಎಂದು ಹೆಸರಿಟ್ಟರು. ಅವನ ಜೊತೆ ಕೆಲಸ ಮಾಡುತ್ತಿದ್ದ ಜಪಾನಿನ ಎಂಜಿನಿಯರ್ ಒಬ್ಬರು ತಮ್ಮ ದೇಶಕ್ಕೆ ಮರಳುವಾಗ, ತಮ್ಮ ಮಗು ಬಳಸಿದ್ದ ಕಾರಿನ ಆಸನವೊಂದನ್ನು ಅವನಿಗೆ ಕೊಟ್ಟರು. ಚಿಕ್ಕ ತೊಟ್ಟಿಲಿಗೆ ಬೆನ್ನು ಹಚ್ಚಿದಂಥ ವಸ್ತು. ಅದನ್ನು ಕಾರಿನ ಹಿಂದಿನ ಸೀಟಿಗೆ ಬೆಲ್ಟಿನಿಂದ ಬಿಗಿದು, ಮಗುವನ್ನು ಅದರಲ್ಲಿ ಹಿಂದಕ್ಕೆ ಮುಖ ಮಾಡಿ ಮಲಗಿಸಿ, ಭುಜದ ಮೇಲೆ ಪಟ್ಟಿ ಹಾಕಬೇಕು. ದೆಹಲಿಯಲ್ಲಿ ಆಗ ಅದನ್ನು ಕಂಡವರೇ ಕಡಿಮೆ. ಜೊತೆಗೆ ಒಂದು ಪುಸ್ತಿಕೆಯೂ ಇತ್ತು, ಪೂರ್ತಿ ಜಪಾನಿ ಭಾಷೆಯಲ್ಲಿ. ಜೀವನ್ ಚಿತ್ರ ನೋಡಿಕೊಂಡು ಜೋಡಿಸಿದ. ಸರಿಯಾಗಿಯೇ ಜೋಡಿಸಿದ್ದ.

ಏಳನೆಯ ತಿಂಗಳಲ್ಲಿ ಅನ್ನಪ್ರಾಶನ. ಆರ್.ಕೆ. ಪುರಂನ ದೇವಸ್ಥಾನದಲ್ಲಿ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಮುಹೂರ್ತವನ್ನು ದೇವಕಿಯಮ್ಮನವರೇ ಗೊತ್ತು ಮಾಡಿದ್ದರು. ಡಿಸೆಂಬರಿನ ಮಂಜು. ಹೊಸ ಹೆದ್ದಾರಿಗಾಗಿ ದಾರಿಯುದ್ದಕ್ಕೂ ಅಗೆದು, ಅಲ್ಲಲ್ಲಿ ಡ್ರಮ್ಮು ಇಟ್ಟು ವಾಹನಗಳನ್ನು ತಿರುಗಿಸುತ್ತಿದ್ದ ಕಾಲ. ಹರಿಣಿ ಪಾಯಸದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕುಳಿತಿದ್ದಳು. ಹಿಂದೆ ಅಜ್ಜಿ, ಪಕ್ಕದಲ್ಲಿ ಆಸನದಲ್ಲಿ ಮಗು. ಅರ್ಧ ದಾರಿಯಲ್ಲಿ ತನ್ವಿ ಅಳತೊಡಗಿದಳು. ಮೊದಲು ರಗಳೆ, ಆಮೇಲೆ ಉಸಿರು ಕಟ್ಟುವಂಥ ಅಳು.

“ಅಮ್ಮ, ತೆಗೀಬೇಡ. ಇನ್ನೇನು ಹತ್ತು ನಿಮಿಷ” ಎಂದ ಜೀವನ್.

“ಹತ್ತು ನಿಮಿಷ ಅಳಿಸ್ತೀಯಾ? ಕಟ್ಟಿ ಹಾಕೋಕೆ ಇದೇನು ಕರುವೇನೋ? ನಿನ್ನನ್ನ ಚಿತ್ರದುರ್ಗದಿಂದ ದಿಲ್ಲಿವರೆಗೂ ತೊಡೆ ಮೇಲೇ ತಂದವಳು ನಾನು.”

ಗುಂಡಿ ಒತ್ತಿ, ಪಟ್ಟಿ ಬಿಡಿಸಿ, ಮಗುವನ್ನು ಎತ್ತಿಕೊಂಡರು. ಅಳು ನಿಂತಿತು. ಎರಡು ನಿಮಿಷವೂ ಆಗಿರಲಿಲ್ಲ, ಮುಂದಿನ ಲಾರಿ ಡ್ರಮ್ಮುಗಳ ಬಳಿ ಥಟ್ಟನೆ ನಿಂತಿತು. ಜೀವನ್ ಬ್ರೇಕ್ ಹಾಕಿದ, ಆದರೂ ಕಾರು ಲಾರಿಗೆ ಬಡಿಯಿತು. ಕಾರು ಹೆಚ್ಚು ವೇಗದಲ್ಲಿಯೂ ಇರಲಿಲ್ಲ. ಮುಂದಿದ್ದ ಇಬ್ಬರಿಗೆ ತರಚು ಗಾಯ. ದೇವಕಿಯಮ್ಮನವರ ಮಣಿಕಟ್ಟು ಮುರಿಯಿತು. ಮಗು ಅವರ ಕೈಯಲ್ಲಿ ನಿಲ್ಲಲಿಲ್ಲ. ಮರುದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡಿತು.

ಹರಿಣಿ ಕೂಗಾಡಲಿಲ್ಲ. ಹದಿಮೂರನೆಯ ದಿನ ಅತ್ತೆಯ ಮುಂದೆ ಕಾಫಿ ಲೋಟ ಇಡುತ್ತಾ, “ನೀವು ತೆಗೀದೇ ಇದ್ದಿದ್ರೆ ಅತ್ತೆ” ಎಂದಳಂತೆ. ಅಲ್ಲಿಗೆ ನಿಲ್ಲಿಸಿದಳು. ಅದರ ಮರುವಾರವೇ ದೇವಕಿಯಮ್ಮ ನಮ್ಮ ಬಾಗಿಲಿಗೆ ಬಂದದ್ದು. ಸೀರೆಯಲ್ಲಿ ಸುತ್ತಿದ್ದ ಗಂಟು ಆ ಆಸನ. ಮನೆಯಲ್ಲಿದ್ದರೆ ಮಗ ಸೊಸೆಯ ಕಣ್ಣಿಗೆ ಬೀಳುತ್ತದೆ, ಎಸೆಯಲು ತಮಗೆ ಕೈ ಬರುವುದಿಲ್ಲ ಎಂದು ತಂದಿದ್ದರು.

ಎರಡೂವರೆ ವರ್ಷ ಹಾಗೆಯೇ ಕಳೆಯಿತು. ಜೀವನ್ ತಿಂಗಳಿಗೊಮ್ಮೆ ಬಂದು, ಅರ್ಧ ಗಂಟೆ ಕುಳಿತು ಹೋಗುತ್ತಿದ್ದ. ಹರಿಣಿ ಯುಗಾದಿಗೆ, ದೀಪಾವಳಿಗೆ ಫೋನಿನಲ್ಲಿ “ಹುಷಾರಾಗಿದೀರಾ ಅತ್ತೆ?” ಎನ್ನುತ್ತಿದ್ದಳು.

೨೦೦೭ರ ಶ್ರಾವಣದಲ್ಲಿ ಜೀವನ್ ಬಂದು, ಹರಿಣಿ ಮತ್ತೆ ಗರ್ಭಿಣಿಯೆಂದು ತಿಳಿಸಿದ. ಅವನು ಹೋದ ಮೇಲೆ ದೇವಕಿಯಮ್ಮ ಗಂಟು ಬಿಚ್ಚಿದರು. ಬಟ್ಟೆಯ ಹೊದಿಕೆಯನ್ನು ಒಗೆದು ತಂತಿಯ ಮೇಲೆ ಹರವಿದರು. ಆಮೇಲೆ ಪುಸ್ತಿಕೆ ಹಿಡಿದು ಕೆಳಗೆ ಬಂದರು.

“ಮೇಷ್ಟ್ರೇ, ಜಪಾನಿ ಓದೋರು ನಿಮಗೆ ಯಾರಾದರೂ ಗೊತ್ತಾ? ಇನ್ನೊಂದು ಸಲ ಚಿತ್ರ ನೋಡಿಕೊಂಡು ಕೆಲಸ ಮಾಡೋದು ಬೇಡ.”

ನನಗೆ ವೈಜಯಂತಿ ಗೊತ್ತಿದ್ದಳು. ಮೈಸೂರಿನ ಹುಡುಗಿ, ವಿಶ್ವವಿದ್ಯಾಲಯದಲ್ಲಿ ಜಪಾನಿ ಭಾಷೆಯ ಅಧ್ಯಾಪಕಿ, ಮುಖರ್ಜಿ ನಗರದಲ್ಲಿ ವಾಸ. ಒಂದು ಭಾನುವಾರ ಅವಳ ಮನೆಗೆ ಹೋದೆವು. ದೇವಕಿಯಮ್ಮ ಉದ್ದನೆಯ ನೋಟುಬುಕ್ಕು ತಂದಿದ್ದರು. ಕಚೇರಿಯಲ್ಲಿ ಮಾಡುತ್ತಿದ್ದಂತೆ ಎಡಗಡೆ ಅಂಚು ಬಿಟ್ಟು ಗೆರೆ ಎಳೆದಿದ್ದರು.

“ಇದು ಕಾರ್ಖಾನೆ ಭಾಷೆ ಅಮ್ಮ. ನಾನು ತಡವರಿಸಿದರೆ ನಗಬೇಡಿ” ಎಂದಳು ವೈಜಯಂತಿ.

“ಜೀವನವಿಡೀ ಸರ್ಕಾರಿ ಪತ್ರ ಓದಿದವಳಮ್ಮ ನಾನು. ಅದಕ್ಕಿಂತ ಕಷ್ಟವಾ? ಓದು.”

ಅವಳು ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು, ಇವರು ಬರೆದುಕೊಂಡರು. ಶಿಶುವಿನ ತಲೆ ಭಾರ, ಕುತ್ತಿಗೆ ಮೆತ್ತಗೆ. ಹಿಂದಕ್ಕೆ ಮುಖ ಮಾಡಿ ಕೂರಿಸಿದರೆ ಪೆಟ್ಟನ್ನು ಆಸನದ ಬೆನ್ನು ತೆಗೆದುಕೊಳ್ಳುತ್ತದೆ. ದಪ್ಪ ಸ್ವೆಟರಿನ ಮೇಲೆ ಪಟ್ಟಿ ಬಿಗಿಯಬಾರದು. ಮೊದಲು ಪಟ್ಟಿ, ಮೇಲೆ ಹೊದಿಕೆ. ಭುಜದ ಬಳಿ ಪಟ್ಟಿಯನ್ನು ಚಿವುಟಿದರೆ ಬೆರಳಿಗೆ ಮಡಿಕೆ ಸಿಗಬಾರದು.

“ಅಪಘಾತ ಕಂಡ ಆಸನವನ್ನ ಮತ್ತೆ ಬಳಸಬಾರದು ಅಂತಿದೆ. ಹೊರಗೆ ಏನೂ ಕಾಣದಿದ್ದರೂ ಒಳಗೆ ಬಿರುಕು ಬಿಟ್ಟಿರಬಹುದಂತೆ.”

ದೇವಕಿಯಮ್ಮನವರ ಪೆನ್ನು ನಿಂತಿತು. “ಅಂದ್ರೆ ಇದು ಮಾನ್ಯವಲ್ಲ” ಎಂದು ತಮಗೆ ತಾವೇ ಹೇಳಿಕೊಂಡು ಬರೆದರು. “ಮುಂದೆ?”

ವೈಜಯಂತಿಗೆ ನಡೆದ ಕಥೆ ತಿಳಿದಿರಲಿಲ್ಲ. ಹಾಗಾಗಿ ಹನ್ನೊಂದನೆಯ ಪುಟವನ್ನೂ ಅದೇ ದನಿಯಲ್ಲಿ ಓದಿದಳು. “ಮಗು ಅತ್ತರೆ, ವಾಹನ ಓಡುತ್ತಿರುವಾಗ ಹೊರಗೆ ತೆಗೆಯಬಾರದು. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎತ್ತಿಕೊಂಡು ಸಮಾಧಾನ ಮಾಡಿ, ಮತ್ತೆ ಪಟ್ಟಿ ಬಿಗಿದ ಮೇಲೆಯೇ ಹೊರಡಬೇಕು.”

ದೇವಕಿಯಮ್ಮ ಅದನ್ನೂ ಬರೆದುಕೊಂಡರು. ಅಕ್ಷರ ಒಂದೂ ಅಲುಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, ಯಮುನೆಯ ಸೇತುವೆ ಬಂದಾಗ, “ನಿಲ್ಲಿಸು ಅಂತ ಒಂದು ಮಾತು ಹೇಳಬಹುದಿತ್ತು ಮೇಷ್ಟ್ರೇ” ಎಂದರು. “ನನಗೂ ಹೊಳೀತು. ಮುಹೂರ್ತ ಮೀರತ್ತೆ ಅಂತ ಹೇಳಲಿಲ್ಲ.”

ನಾನು ಅವರ ಕೈಯಿಂದ ನೋಟುಬುಕ್ಕು ತೆಗೆದುಕೊಂಡು ಹಿಡಿದುಕೊಂಡೆ.

ಆ ಮೇಲಿನ ತಿಂಗಳುಗಳಲ್ಲಿ ಅವರಿಗೆ ಒಂದೇ ಧ್ಯಾನ. ಬರುವ ಮಗುವಿನ ಬಳಿಗೆ ತಮ್ಮನ್ನು ಮತ್ತೆ ಬಿಟ್ಟುಕೊಳ್ಳುತ್ತಾರೆಯೇ? ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಬದಲು ಕಲಿತರು. ನಮ್ಮ ಹಳೆಯ ಕಾರು ಮನೆಯ ಮುಂದೆ ನಿಂತೇ ಇರುತ್ತಿತ್ತು. ಬೆಳಗಿನ ಕಾಫಿಯಾದ ಮೇಲೆ ಅದರ ಹಿಂದಿನ ಬಾಗಿಲು ತೆಗೆದು, ಆ ಹಳೆಯ ಆಸನವನ್ನೇ ಇಟ್ಟು ಬೆಲ್ಟು ತೂರಿಸಿ, ಮೊಣಕಾಲು ಊರಿ ಒತ್ತಿ ಎಳೆಯುತ್ತಿದ್ದರು. ಐದು ಕಿಲೋ ಗೋಧಿಹಿಟ್ಟಿನ ಚೀಲವನ್ನು ಮಲಗಿಸಿ ಪಟ್ಟಿ ಬಿಗಿಯುತ್ತಿದ್ದರು. ಮುರಿದು ಕೂಡಿದ ಮಣಿಕಟ್ಟು ನೋಯುತ್ತಿತ್ತು.

“ಅಕ್ಕ, ಆ ಹಿಟ್ಟಿಗೆ ಎಷ್ಟು ತಿಂಗಳು ತುಂಬಿತು?” ಎಂದು ಅಹಲ್ಯೆ ರೇಗಿಸುತ್ತಿದ್ದಳು.

“ಹಲ್ಲು ಬರೋ ಹೊತ್ತಿಗೆ ಚಪಾತಿ ಮಾಡೋಣ ಬಿಡು” ಎನ್ನುತ್ತಿದ್ದರು. ನಗುವುದು ಅವರಿಗೆ ಮರೆತಿರಲಿಲ್ಲ. ಕಡಿಮೆಯಾಗಿತ್ತು, ಅಷ್ಟೆ.

ಡಿಸೆಂಬರಿನಲ್ಲಿ ಅವರೇ ಜೀವನ್‌ಗೆ ಫೋನ್ ಮಾಡಿ, ಗುರ್‌ಗಾಂವ್‌ನ ಮಾಲ್ ಒಂದರ ಅಂಗಡಿಗೆ ಕಾರು ತರಲು ಹೇಳಿದರು. ನಾನೂ ಜೊತೆಗೆ ಹೋದೆ. ಅಂಗಡಿಯಲ್ಲಿ ಇದ್ದವೇ ಮೂರು ಬಗೆ. ದೇವಕಿಯಮ್ಮ ನೋಟುಬುಕ್ಕು ತೆರೆದು ಒಂದೊಂದಾಗಿ ಪ್ರಶ್ನೆ ಹಾಕಿದರು.

“ಮಾತಾಜಿ, ಇಷ್ಟು ಯಾರೂ ಕೇಳಲ್ಲ. ಎಲ್ಲರೂ ಬಣ್ಣ ಕೇಳ್ತಾರೆ” ಎಂದು ಅಂಗಡಿಯವನು ಹಿಂದಿಯಲ್ಲಿ ನಕ್ಕ.

“ಬಣ್ಣ ನಿನಗೆ ಇಷ್ಟವಾದದ್ದು ಕೊಡು ಭಯ್ಯಾ. ಇದು ಹುಟ್ಟಿದ ದಿನದಿಂದ ಆಗತ್ತೋ, ಒಂಬತ್ತು ಕಿಲೋ ಆದ ಮೇಲೋ, ಅದನ್ನ ಹೇಳು. ಆಮೇಲೆ ಕೆಳಗೆ ಬಾ, ಕಾರಿನಲ್ಲಿ ಇಟ್ಟು ನೋಡಬೇಕು.”

“ಅಚ್ಛಾ, ಚಲೋ” ಎಂದು ಅವನು ಮೂರನ್ನೂ ಹೊರಿಸಿಕೊಂಡು ಕೆಳಗೆ ಬಂದ. ಒಂದು ದೊಡ್ಡ ಮಕ್ಕಳಿಗೆ ಮಾತ್ರವೆಂದು ಗೊತ್ತಾಯಿತು. ಎರಡನೆಯದಕ್ಕೆ ಕಾರಿನ ಬೆಲ್ಟು ಸಾಲಲಿಲ್ಲ. ಮೂರನೆಯದನ್ನು ಬಿಗಿದು, ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿದರು. ಎರಡು ಬೆರಳಿನಷ್ಟು ಸರಿಯಿತು. ಬಿಚ್ಚಿದರು. ಹೊಸ ಕಾರಿನ ಸೀಟಿಗೆ ಕಂಪನಿಯವರು ಹಾಕಿದ್ದ ಪ್ಲಾಸ್ಟಿಕ್ ಹೊದಿಕೆಯನ್ನು ದಿಲ್ಲಿಯ ಎಲ್ಲರಂತೆ ಜೀವನ್ ಕೂಡ ತೆಗೆದಿರಲಿಲ್ಲ. ದೇವಕಿಯಮ್ಮ ಅದನ್ನು ಹರಿದು ಎಳೆದು ಹಾಕಿ ಮತ್ತೆ ಬಿಗಿದರು. ಈ ಸಲ ಅಲುಗಲಿಲ್ಲ.

ಜೀವನ್ ಇಷ್ಟು ಹೊತ್ತೂ ಕಾರಿನ ಇನ್ನೊಂದು ಬದಿಯಲ್ಲಿ ನಿಂತಿದ್ದ. ಒಂದು ಕೈಯನ್ನೂ ಹಾಕಲಿಲ್ಲ. ಕೊನೆಗೆ, “ಆಯ್ತಾ ಅಮ್ಮ?” ಎಂದ. ಅವನ ಕಣ್ಣು ಕೆಂಪಾಗಿತ್ತು.

“ನೀನೂ ಒಂದು ಸಲ ಎಳೆದು ನೋಡು. ನಾನು ಮಾಡಿದ್ದು ಅಂತ ಬಿಡಬೇಡ” ಎಂದರು ಅವರು.

ಫೆಬ್ರವರಿಯಲ್ಲಿ ಹೆಣ್ಣುಮಗುವೇ ಹುಟ್ಟಿತು, ಮಾನ್ಯಾ. ಆಸ್ಪತ್ರೆಯಿಂದ ಮನೆಗೆ ಹೋಗುವ ದಿನ ಜೀವನ್ ತಾಯಿಯನ್ನು ಬರಹೇಳಿದ. ನನ್ನ ಕಾರು ಯಮುನೆ ದಾಟುವ ಧೈರ್ಯ ಮಾಡಿ ವರ್ಷಗಳಾಗಿದ್ದವು. ನಾವಿಬ್ಬರೂ ಬಸ್ಸಿನಲ್ಲಿಯೇ ಗುರ್‌ಗಾಂವ್‌ಗೆ ಹೋದೆವು. ದೇವಕಿಯಮ್ಮ ನೇರವಾಗಿ ಕಾರಿನ ಬಳಿ ಹೋಗಿ, ಬಿಗಿದ ಆಸನವನ್ನು ಇನ್ನೊಮ್ಮೆ ಅಲುಗಿಸಿ ನೋಡಿದರು. ಹರಿಣಿ ಮಗುವನ್ನು ಎತ್ತಿಕೊಂಡು ಬಂದಳು. ಮೂರು ವರ್ಷಗಳ ಮೇಲೆ ಅತ್ತೆ ಸೊಸೆ ಅಷ್ಟು ಹತ್ತಿರ ನಿಂತದ್ದು ಅಂದೇ. ಹರಿಣಿ ಮಗುವನ್ನು ತಾನಾಗಿ ಅತ್ತೆಯ ಕೈಗೆ ಕೊಟ್ಟಳು.

ದೇವಕಿಯಮ್ಮ ಮಗುವಿನ ಸ್ವೆಟರ್ ಬಿಚ್ಚಿ, ಮಲಗಿಸಿ, ಪಟ್ಟಿ ಹಾಕಿ, ಭುಜದ ಬಳಿ ಚಿವುಟಿ ನೋಡಿ, ಮೇಲೆ ಶಾಲು ಹೊದಿಸಿದರು. ಆಮೇಲೆ ಹಿಂದಕ್ಕೆ ಸರಿದು ನಿಂತರು.

“ನೀವು ಅವಳ ಪಕ್ಕ ಕೂತ್ಕೊಳ್ಳಿ ಅತ್ತೆ. ನಾನು ಮುಂದೆ ಕೂತ್ಕೋತೀನಿ” ಎಂದಳು ಹರಿಣಿ.

ದೇವಕಿಯಮ್ಮ ಇನ್ನೊಂದು ಹೆಜ್ಜೆ ಹಿಂದೆ ಸರಿದರು.

“ಅತ್ತೆ, ನಾನು ಆವತ್ತು ಅರ್ಧ ಮಾತಾಡಿ ಬಿಟ್ಟೆ. ಉಳಿದ ಅರ್ಧ ಹೇಳಲಿಲ್ಲ. ನೀವು ಎತ್ತಿಕೊಂಡಾಗ ನಾನೂ ಬೇಡ ಅನ್ನಲಿಲ್ಲ. ಅಳು ನಿಂತಿತಲ್ಲ ಅಂತ ನನಗೂ ಹಾಯೆನಿಸಿತ್ತು. ಬನ್ನಿ, ಕೂತ್ಕೊಳ್ಳಿ.”

ಅವರು ಸೊಸೆಯ ಕೆನ್ನೆಯನ್ನು ಒಮ್ಮೆ ಮುಟ್ಟಿದರು. “ಬೇಡಮ್ಮ. ನೀನೇ ಪಕ್ಕದಲ್ಲಿ ಕೂತ್ಕೋ. ದಾರಿಲಿ ಇವಳು ಅತ್ತರೆ ನನ್ನ ಕೈ ನನ್ನ ಮಾತು ಕೇಳಲ್ಲ. ಇಷ್ಟೆಲ್ಲ ಕಲಿತೆ, ಅದೊಂದು ಕಲಿಯೋಕಾಗಲಿಲ್ಲ. ನಾನು ಮೇಷ್ಟ್ರ ಜೊತೆ ಬಸ್ಸಲ್ಲಿ ಬರ್ತೀನಿ.”

“ಅಮ್ಮ, ಮನೆ ಇಲ್ಲೇ ಇದೆ” ಎಂದ ಜೀವನ್.

“ದೇವಸ್ಥಾನವೂ ಹತ್ತೇ ನಿಮಿಷ ಇತ್ತು ಕಣೋ. ಹೊರಡು. ಅತ್ತರೆ ನಿಲ್ಲಿಸು.”

ಬಾಗಿಲನ್ನು ಅವರೇ ಮುಚ್ಚಿದರು.

ಬಸ್ಸಿಗೆ ಬಹಳ ಹೊತ್ತು ಕಾದೆವು. ಸೀಟು ಸಿಗಲಿಲ್ಲ, ಕಂಬ ಹಿಡಿದು ನಿಂತೆವು. ಅವರ ಮೊಬೈಲ್ ಬಡಿದುಕೊಂಡಿತು. ಬಸ್ಸಿನ ಸದ್ದಿನಲ್ಲೂ ಜೀವನ್‌ನ ದನಿ ನನಗೂ ಕೇಳುವಷ್ಟು ಜೋರಾಗಿತ್ತು. “ಬಂದು ಸೇರಿದ್ವಿ ಅಮ್ಮ. ದಾರಿಯುದ್ದ ಅತ್ತಳು. ಎರಡು ಸಲ ನಿಲ್ಲಿಸಿದೆ.”

“ಓಡೋವಾಗ ತೆಗೆದಿರಾ?”

“ಇಲ್ಲ ಅಮ್ಮ.”

“ಸರಿ” ಎಂದು ಫೋನನ್ನು ಸೆರಗಿನಲ್ಲಿ ಹಿಡಿದುಕೊಂಡರು. ಅದುವರೆಗೆ ನಾನು ಕಾಣದಿದ್ದ ಅವರ ಅಳುವನ್ನು ಅಂದು ಆ ಬಸ್ಸಿನಲ್ಲಿ ಕಂಡೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬಳು ಎದ್ದು ಅವರಿಗೆ ಜಾಗ ಕೊಟ್ಟಳು.

ಆಮೇಲೆ ಪ್ರತಿ ಶನಿವಾರ ಅವರು ಗುರ್‌ಗಾಂವ್‌ಗೆ ಹೋಗುತ್ತಿದ್ದರು. ಮೊಮ್ಮಗಳನ್ನು ಮನೆಯೊಳಗೆ ದಿನವಿಡೀ ತೊಡೆಯಿಂದ ಇಳಿಸುತ್ತಿರಲಿಲ್ಲವೆಂದು ಹರಿಣಿ ಹೇಳುತ್ತಿದ್ದಳು. ಸಂಜೆ, “ಕಾರಲ್ಲಿ ಬಿಟ್ಟು ಬರ್ತೀವಿ, ಮಾನ್ಯಾನೂ ಬರ್ತಾಳೆ” ಎಂದು ಸೊಸೆ ಪ್ರತಿಸಲವೂ ಕರೆಯುತ್ತಿದ್ದಳು. ಇವರು ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣದ ಕಡೆಗೆ ನಡೆಯುತ್ತಿದ್ದರು. ೨೦೦೯ರ ನವೆಂಬರಿನಲ್ಲಿ, ಎರಡು ದಿನದ ಜ್ವರದಲ್ಲಿ ತೀರಿಕೊಳ್ಳುವವರೆಗೂ ಹಾಗೆಯೇ ನಡೆಯಿತು. ಕೊನೆಯ ಸಲ ಅವರ ಮುಖ ನೋಡಲು ಮೂವರೂ ನಮ್ಮ ಮನೆಗೆ ಬಂದಾಗ ಕಾರಿನಿಂದ ಮೊದಲು ಇಳಿದದ್ದು ಹರಿಣಿ. ಅವಳು ಹಿಂದಿನ ಬಾಗಿಲು ತೆಗೆದು, ಮಗುವಿನ ಪಟ್ಟಿಯನ್ನು ಬಿಡಿಸಲೆಂದು ಅಲ್ಲಿಯೇ ಬಾಗಿ ನಿಂತಳು. ಎಷ್ಟು ಹೊತ್ತಾದರೂ ಅವಳಿಗೆ ಆ ಗುಂಡಿ ಒತ್ತಲಾಗಲಿಲ್ಲ. ಕೊನೆಗೆ ನಾನು ಹೋಗಿ ಬಿಡಿಸಿದೆ.